ಡೊಮೇನ್ ಎಚ್ಚರಿಕೆಗಳು: ಯಾವುದು ಮೊದಲು, ಯಾವುದು ಆಮೇಲೆ?

ಸ್ವಂತ ಡೊಮೇನ್‌ನಿಂದ ಹೋದ ಮೇಲ್ ಸ್ಪ್ಯಾಮ್‌ಗೆ ಬೀಳುತ್ತಿದೆಯೆಂದು ತಪಾಸಣೆಯ ತಾಣದಲ್ಲಿ ಹೆಸರು ಹಾಕಿ ನೋಡಿದರೆ ಕೆಂಪು, ಹಳದಿ ಎಚ್ಚರಿಕೆಗಳ ಸಾಲೇ ಎದುರಾಗುತ್ತದೆ. ಎಲ್ಲಕ್ಕೂ ಹೆದರಬೇಕಿಲ್ಲ. ಮೇಲ್ ತಡೆಯುವಂಥವು ಕೆಲವೇ. ಅವನ್ನು ಮೊದಲು ಸರಿಪಡಿಸಬೇಕು.

ಎಲ್ಲಿ ಬದಲಿಸಬೇಕು?
ಡೊಮೇನ್ ಕೊಂಡದ್ದು ಒಂದು ಕಡೆ, ವೆಬ್‌ಸೈಟ್ ಇನ್ನೊಂದು ಕಡೆ, ಮೇಲ್ ಮತ್ತೊಂದು ಕಡೆ ಇರಬಹುದು. ಎನ್‌ಎಸ್ ದಾಖಲೆ ಯಾರ ಸರ್ವರ್ ಹೆಸರು ಹೇಳುತ್ತದೋ ಅವರ ಡಿಎನ್‌ಎಸ್ (ಡೊಮೇನ್‌ನ ದಾಖಲೆಗಳನ್ನಿಡುವ) ಪುಟದಲ್ಲಿ ಮಾಡಿದ ಬದಲಾವಣೆ ಮಾತ್ರ ಜಾರಿಗೆ ಬರುತ್ತದೆ. ಕೈ ಹಾಕುವ ಮುನ್ನ ಹಳೆಯ ದಾಖಲೆಗಳನ್ನು ನಕಲು ಮಾಡಿಟ್ಟುಕೊಳ್ಳಿ.

ಎಂಎಕ್ಸ್
ನಿಮಗೆ ಬರುವ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ದಾಖಲೆ ಇದು. ಇಲ್ಲಿ ಸರ್ವರ್‌ನ ಹೆಸರಿರಬೇಕು. ಐಪಿ ವಿಳಾಸವಾಗಲಿ, ಇನ್ನೊಂದು ಹೆಸರಿನತ್ತ ತೋರಿಸುವ ಸಿನೇಮ್ ದಾಖಲೆಯಿರುವ ಹೆಸರಾಗಲಿ ನಿಯಮಕ್ಕೆ ಒಪ್ಪುವುದಿಲ್ಲ.

ಎಸ್‌ಪಿಎಫ್
ನಿಮ್ಮ ಹೆಸರಲ್ಲಿ ಮೇಲ್ ಕಳಿಸಲು ಯಾರಿಗೆ ಅನುಮತಿ ಎಂಬ ಪಟ್ಟಿ. ಸಾಮಾನ್ಯ ತಪ್ಪು ಎರಡು. ಹೊಸ ಸೇವೆ ಸೇರಿಸುವಾಗ ಇನ್ನೊಂದು ಎಸ್‌ಪಿಎಫ್ ದಾಖಲೆ ಬರೆಯುವುದು ಮೊದಲನೆಯದು. ಎರಡಿದ್ದರೆ ಎರಡೂ ಕೆಟ್ಟಂತೆ; ಒಂದರಲ್ಲೇ ಎಲ್ಲವನ್ನೂ ಸೇರಿಸಿ. ಎರಡನೆಯದು, ಪರಿಶೀಲನೆಗೆ 10ಕ್ಕಿಂತ ಹೆಚ್ಚು ಡಿಎನ್‌ಎಸ್ ಹುಡುಕಾಟ ಬೇಕಾಗುವಂತೆ ಮಾಡುವುದು. ಬೇರೆ ಸೇವೆಯ ಪಟ್ಟಿಯನ್ನು ಸೇರಿಸುವ ಒಂದು ಇನ್‌ಕ್ಲೂಡ್‌ನ ಒಳಗೆ ಅಡಗಿರುವ ಇನ್‌ಕ್ಲೂಡ್‌ಗಳೂ ಲೆಕ್ಕಕ್ಕೆ ಬರುತ್ತವೆ. ಬಿಟ್ಟುಹೋದ ಸೇವೆಗಳನ್ನು ಅಳಿಸಿ. ಸ್ಥಿರ ಐಪಿ ಇದ್ದರೆ ಅದನ್ನೇ ಬರೆಯಿರಿ; ಅದಕ್ಕೆ ಹುಡುಕಾಟ ಬೇಡ.

ಡಿಕೆಐಎಂ, ಡಿಮಾರ್ಕ್
ಡಿಕೆಐಎಂ ಪ್ರತಿ ಮೇಲ್‌ಗೆ ಹಾಕುವ ಡಿಜಿಟಲ್ ಸಹಿ. ಮೇಲ್ ಸೇವೆಯವರು ಕೊಡುವ ಕೀಯನ್ನು ಹೇಳಿದ ಹೆಸರಿನಲ್ಲೇ ಡಿಎನ್‌ಎಸ್‌ಗೆ ಸೇರಿಸಬೇಕು. ಎಸ್‌ಪಿಎಫ್, ಡಿಕೆಐಎಂ ಎರಡರಲ್ಲಿ ಯಾವುದೂ ಪಾಸಾಗದ ಮೇಲ್ ಅನ್ನು ಏನು ಮಾಡಬೇಕೆಂದು ಡಿಮಾರ್ಕ್ ಹೇಳುತ್ತದೆ. ಪಾಸಾದರಷ್ಟೇ ಸಾಲದು, ಪಾಸಾದ ಡೊಮೇನ್ ಕಳಿಸಿದವರ ವಿಳಾಸದ ಡೊಮೇನ್‌ಗೆ ಹೊಂದಬೇಕು. ಸುದ್ದಿಪತ್ರದ ಸೇವೆಗಳು ತಮ್ಮದೇ ಡೊಮೇನ್‌ನಲ್ಲಿ ಸಹಿ ಹಾಕಿದಾಗ ತೊಂದರೆ ಬರುವುದು ಇಲ್ಲಿಯೇ. ಡಿಮಾರ್ಕ್ ನೀತಿಯನ್ನು ಮೊದಲು ‘ನನ್’ ಎಂದಿಟ್ಟು ವರದಿಗಳನ್ನು ನೋಡಿ. ನಿಮ್ಮ ಮೇಲ್ ಎಲ್ಲವೂ ಪಾಸಾಗುತ್ತಿದೆ ಎಂದು ಖಚಿತವಾದ ಮೇಲೆ ‘ಕ್ವಾರಂಟೈನ್’, ಆಮೇಲೆ ‘ರಿಜೆಕ್ಟ್’. ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಈ ಮೂರೂ ಕಡ್ಡಾಯ.

ಪಿಟಿಆರ್
ಐಪಿಯಿಂದ ಹೆಸರನ್ನು ಹುಡುಕುವ ದಾಖಲೆ. ಸ್ವಂತ ಮೇಲ್ ಸರ್ವರ್ ನಡೆಸುವವರಿಗಷ್ಟೇ ಇದರ ಚಿಂತೆ. ಇದನ್ನು ಡೊಮೇನ್‌ನ ಡಿಎನ್‌ಎಸ್‌ನಲ್ಲಿ ಹುಡುಕಿ ಫಲವಿಲ್ಲ. ಐಪಿ ಕೊಟ್ಟ ಹೋಸ್ಟಿಂಗ್ ಕಂಪನಿಯನ್ನೇ ಕೇಳಬೇಕು.

ಬಿಟ್ಟುಬಿಡಬಹುದಾದ್ದು
ಎಸ್‌ಒಎ ದಾಖಲೆಯ ಎಕ್ಸ್‌ಪೈರ್, ಸೀರಿಯಲ್ ಸಂಖ್ಯೆಗಳ ಬಗೆಗಿನ ಎಚ್ಚರಿಕೆ ಬಹುಪಾಲು ಸಲಹೆಯಷ್ಟೇ. ಅದರಿಂದ ಮೇಲ್ ಸ್ಪ್ಯಾಮ್‌ಗೆ ಹೋಗುವುದಿಲ್ಲ.

ಸರಿಯಾಯಿತೇ?
ದಾಖಲೆಯ ಟಿಟಿಎಲ್ (ಹಳೆಯ ಉತ್ತರ ಎಷ್ಟು ಸೆಕೆಂಡು ಉಳಿಯಬಹುದೆಂಬ ಮಿತಿ) 3600 ಎಂದಿದ್ದರೆ ಹಳೆಯ ಉತ್ತರ ಒಂದು ಗಂಟೆ ಉಳಿದಿರಬಹುದು. ಅಲ್ಲಿಯವರೆಗೆ ಮತ್ತೆ ಮತ್ತೆ ತಿದ್ದಬೇಡಿ. ನಂತರ ಜಿಮೇಲ್ ಖಾತೆಗೊಂದು ಮೇಲ್ ಕಳಿಸಿ, ಅಲ್ಲಿ ‘ಶೋ ಒರಿಜಿನಲ್’ ತೆರೆಯಿರಿ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರರ ಫಲಿತಾಂಶವೂ ಮೇಲೆಯೇ ಇರುತ್ತದೆ. ಎಸ್‌ಪಿಎಫ್ ಫೇಲಾಗಿದ್ದರೆ ಪಕ್ಕದಲ್ಲಿರುವ ಐಪಿ ನೋಡಿ: ಅದು ನೀವು ಬಳಸುವ ಸೇವೆಯದೇ ಆಗಿದ್ದರೆ, ಪಟ್ಟಿಗೆ ಸೇರಿಸಲು ಮರೆತದ್ದು ಅದನ್ನೇ.