ಸಾಧನಕ್ಕೂ ಪ್ರೋಗ್ರಾಮಿಗೂ ಒಂದೇ ವಿಳಾಸ

ಕಂಪ್ಯೂಟರಿನಲ್ಲಿ ಓಡುವ ಸಾಮಾನ್ಯ ಪ್ರೋಗ್ರಾಮಿಗೆ ಮೆಮೊರಿಯ ನಿಜವಾದ ವಿಳಾಸ ಗೊತ್ತಿರುವುದಿಲ್ಲ. ಅದು ಬಳಸುವುದು ವರ್ಚುವಲ್ ವಿಳಾಸ. ಮೆಮೊರಿಯನ್ನು ಸಾಮಾನ್ಯವಾಗಿ 4 ಕಿಲೋಬೈಟಿನ ಪುಟಗಳಾಗಿ ವಿಂಗಡಿಸಿ, ಯಾವ ವರ್ಚುವಲ್ ಪುಟ ನಿಜವಾಗಿ ಎಲ್ಲಿದೆ ಎಂಬುದನ್ನು ಆಪರೇಟಿಂಗ್ ಸಿಸ್ಟಂ ಒಂದು ಪುಟಪಟ್ಟಿಯಲ್ಲಿ ಬರೆದಿಡುತ್ತದೆ.

ಗ್ರಾಫಿಕ್ಸ್ ಕಾರ್ಡಿನಂಥ ಸಾಧನಗಳಿಗೆ ಬಹುಕಾಲ ಈ ಪಟ್ಟಿ ಎಟುಕುತ್ತಿರಲಿಲ್ಲ. ಸಾಧನವನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಮೆಮೊರಿಯ ಒಂದು ಭಾಗವನ್ನು ಅಲುಗದಂತೆ ಹಿಡಿದಿಟ್ಟು, ಸಾಧನಕ್ಕೆ ಬೇರೆಯೇ ವಿಳಾಸ ಕೊಡಬೇಕಿತ್ತು. ಒಂದು ದತ್ತಾಂಶದೊಳಗೆ ಇನ್ನೊಂದರ ವಿಳಾಸ ಬರೆದಿದ್ದರಂತೂ ತೊಡಕು ದೊಡ್ಡದು: ಆ ವಿಳಾಸ ಸಾಧನದ ಪಾಲಿಗೆ ಅರ್ಥಹೀನ.

ಪ್ರೋಗ್ರಾಮೂ ಸಾಧನವೂ ಒಂದೇ ವಿಳಾಸವನ್ನು ಹಂಚಿಕೊಳ್ಳುವ ವ್ಯವಸ್ಥೆ ಈ ತೊಡಕನ್ನು ಬುಡದಲ್ಲೇ ಪರಿಹರಿಸುತ್ತದೆ. ಸಾಧನಕ್ಕೂ ಮೆಮೊರಿಗೂ ನಡುವೆ ಕೂತ ಐಒಎಂಎಂಯು ಎಂಬ ಘಟಕ ಪ್ರೋಗ್ರಾಮಿನ ಅದೇ ಪುಟಪಟ್ಟಿಯನ್ನು ಓದುತ್ತದೆ. ಕೋರಿಕೆ ಯಾವ ಪ್ರೋಗ್ರಾಮಿನದೆಂದು ತಿಳಿಸಲು, ಸಾಧನಗಳನ್ನು ಕಂಪ್ಯೂಟರಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ 'ಪಾಸಿಡ್' ಎಂಬ, 20 ಬಿಟ್‌ವರೆಗಿನ ಗುರುತುಸಂಖ್ಯೆ ಜೊತೆಗಿರುತ್ತದೆ. ಬೇಕಾದ ಪುಟ ಮೆಮೊರಿಯಲ್ಲಿಲ್ಲದಿದ್ದರೆ, ಆ ಸೌಲಭ್ಯವಿರುವ ಸಾಧನ ಅದನ್ನು ತರಿಸುವಂತೆ ಕೋರಿ ಕಾಯಬಲ್ಲದು.

ವರ್ಚುವಲ್ ಮಷೀನಿನಲ್ಲಿ, ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶ ರೂಪಿಸಿದ ಇನ್ನೊಂದು ಕಂಪ್ಯೂಟರಿನಲ್ಲಿ, ವಿಷಯ ಇನ್ನೂ ಸ್ವಾರಸ್ಯಕರ. ಅಲ್ಲಿನ ಆಪರೇಟಿಂಗ್ ಸಿಸ್ಟಂ ನಿಜವೆಂದು ನಂಬಿರುವ ವಿಳಾಸವೂ ನಿಜವಲ್ಲ. ಆದ್ದರಿಂದ ಎರಡು ಹಂತದ ತರ್ಜುಮೆ ಬೇಕು: ಮೊದಲ ಪಟ್ಟಿ ಮಷೀನಿನದು, ಎರಡನೆಯದು ಅದನ್ನು ನಡೆಸುವ ಹೈಪರ್‌ವೈಸರಿನದು. ಇಂಟೆಲ್‌ನ ಐಒಎಂಎಂಯು ಆದ ಈಚಿನ ವಿಟಿ-ಡಿ, ಆರ್ಮ್‌ನದಾದ ಎಸ್‌ಎಂಎಂಯು 3ನೇ ಆವೃತ್ತಿ ಇದನ್ನು ಹಾರ್ಡ್‌ವೇರಿನಲ್ಲೇ ಮಾಡಬಲ್ಲವು. ಎರಡನೆಯ ಪಟ್ಟಿ ಮಷೀನಿನ ಕೈಗೆ ಸಿಗದ ಕಾರಣ ಅದರ ಸಾಧನ ಪಕ್ಕದ ಮಷೀನಿನ ಮೆಮೊರಿಗೆ ಕೈಹಾಕಲಾರದು. ಆದರೆ ಪಟ್ಟಿ ಬದಲಾದಾಗ ಸಾಧನ ನೆನಪಿಟ್ಟುಕೊಂಡ ಹಳೆಯ ತರ್ಜುಮೆಯನ್ನು ಅಳಿಸಲೇಬೇಕು. ಇಲ್ಲದಿದ್ದರೆ ಬೇರೆಯವರ ಪಾಲಾದ ಪುಟದ ಮೇಲೆ ಅದು ಬರೆದುಬಿಡಬಹುದು. ಡ್ರೈವರ್ ಬರೆಯುವವರು ಅತಿ ಹೆಚ್ಚು ಎಚ್ಚರ ವಹಿಸಬೇಕಾದುದು ಇಲ್ಲೇ.