ಉಕ್ಕಿನ ಗೋಪುರವೂ ರೇಡಿಯೋ ಅಲೆಗಳೂ

ರಾಬರ್ಟ್‌ಸನ್‌ಪೇಟೆಯ ನೆರೆಯ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅಲ್ಲಿ ಗಣಿಬಾವಿಯ ಬಾಯಿಯ ಮೇಲೆ ನಿಲ್ಲಿಸುತ್ತಿದ್ದಂಥ ಉಕ್ಕಿನ ಗೋಪುರವೊಂದನ್ನು ಮನಸ್ಸಿಗೆ ತಂದುಕೊಳ್ಳಿ. ಅಡ್ಡ, ನೆಟ್ಟ, ಓರೆ ತೊಲೆಗಳಿಂದ ಹೆಣೆದ ಆ ಆಕೃತಿಯ ಮೇಲೆ ರೇಡಿಯೋ ಅಲೆಯೊಂದು ಬಿದ್ದರೆ, ಅದು ಯಾವ ದಿಕ್ಕಿಗೆ ಎಷ್ಟು ಚದರುತ್ತದೆ? ವಿಮಾನವನ್ನು ರೇಡಾರ್ ಎಷ್ಟು ದೂರದಿಂದ ಗುರುತಿಸೀತು, ಹಡಗಿನ ಮೇಲೆ ಆಂಟೆನಾವನ್ನು ಎಲ್ಲಿ ನಿಲ್ಲಿಸಬೇಕು ಎಂಬ ನಿರ್ಣಯಗಳೂ ಇಂಥ ಪ್ರಶ್ನೆಯನ್ನೇ ಅವಲಂಬಿಸಿವೆ.

ಅಲೆಯು ಲೋಹವನ್ನು ತಾಕಿದೊಡನೆ ಅದರ ಮೈಮೇಲೆ ವಿದ್ಯುತ್ಪ್ರವಾಹವು ಹರಿಯತೊಡಗುತ್ತದೆ. ಆ ಪ್ರವಾಹವೇ ಹೊಸ ಅಲೆಗಳನ್ನು ಹೊರಡಿಸುತ್ತದೆ. ಚದರಿದ ಅಲೆಯೆಂದರೆ ಇದೇ. ಆದುದರಿಂದ ಪ್ರವಾಹವನ್ನು ಅರಿತರೆ ಸಮಸ್ಯೆ ಬಿಡಿಸಿದಂತೆಯೇ. ಗೋಳಕ್ಕೆ ಸಂಬಂಧಿಸಿದಂತೆ ಮ್ಯಾಕ್ಸ್‌ವೆಲ್ಲನ ಸಮೀಕರಣಗಳನ್ನು ಗುಸ್ತಾವ್ ಮೀ 1908ರಲ್ಲಿಯೇ ಕಾಗದದ ಮೇಲೆ ಬಿಡಿಸಿದನು. ಗೋಪುರಕ್ಕೆ ಆ ದಾರಿಯಿಲ್ಲ.

1968ರಲ್ಲಿ ಪ್ರಕಟವಾದ ಹ್ಯಾರಿಂಗ್‌ಟನ್ನನ ಗ್ರಂಥವು 'ಮೊಮೆಂಟ್ ವಿಧಾನ'ವನ್ನು ಪ್ರಚಾರಕ್ಕೆ ತಂದಿತು. ಮೈಯನ್ನು ಸಣ್ಣ ತುಂಡುಗಳಾಗಿ ವಿಭಾಗಿಸುವುದು. ಅವುಗಳಲ್ಲಿ ಹರಿಯುವ ಪ್ರವಾಹಗಳನ್ನು ಅಜ್ಞಾತ ರಾಶಿಗಳೆಂದು ಭಾವಿಸಿ, ಅಷ್ಟೇ ಸಂಖ್ಯೆಯ ಸಮೀಕರಣಗಳನ್ನು ಬರೆದು ಗಣಕಯಂತ್ರದಿಂದ ಬಿಡಿಸುವುದು: ಇದು ಅದರ ಸಾರ.

ಆದರೆ ಡೊಂಕುಡೊಂಕಾದ ಮೈಗೆ ಎಂಥ ತುಂಡು ಒಪ್ಪುತ್ತದೆ? ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಿದ ಸದಾಶಿವ ರಾವ್ ಅವರು, ವಿಲ್ಟನ್ ಮತ್ತು ಗ್ಲಿಸನ್ ಅವರೊಡನೆ 1982ರಲ್ಲಿ ಉತ್ತರವಿತ್ತರು: ತ್ರಿಕೋನ. ಅಕ್ಕಪಕ್ಕದ ಎರಡು ತ್ರಿಕೋನಗಳ ನಡುವಣ ಪ್ರತಿಯೊಂದು ಅಂಚಿಗೂ ಒಂದು ಅಜ್ಞಾತ. ತೂಬನ್ನು ದಾಟಿದ ನೀರೆಲ್ಲವೂ ಮುಂದಿನ ಕಾಲುವೆಯನ್ನು ಸೇರುವಂತೆ, ಒಂದು ತ್ರಿಕೋನದಿಂದ ಅಂಚನ್ನು ದಾಟಿದ ಪ್ರವಾಹವೆಲ್ಲವೂ ಇನ್ನೊಂದನ್ನು ಸೇರುತ್ತದೆ. ಅಂಚಿನಲ್ಲಿ ಸುಳ್ಳು ವಿದ್ಯುದಂಶವು ಶೇಖರವಾಗದು.

ಇನ್ನು ಲೆಕ್ಕವನ್ನು ನೋಡೋಣ. ಸೆಕೆಂಡಿಗೆ 100 ಕೋಟಿ ಆವರ್ತನೆಗಳ ಅಲೆಯ ಉದ್ದ 30 ಸೆಂಟಿಮೀಟರು. ತ್ರಿಕೋನದ ಭುಜವು ಅದರ ಹತ್ತನೆಯ ಒಂದು ಪಾಲು, ಅಂದರೆ 3 ಸೆಂಟಿಮೀಟರು, ಇರಲಿ. ಒಂದು ಚದರ ಮೀಟರಿಗೆ ಸುಮಾರು 2,500 ತ್ರಿಕೋನಗಳೂ 3,800 ಅಂಚುಗಳೂ ಬೇಕು. ಪ್ರತಿಯೊಂದು ಅಂಚೂ ಉಳಿದೆಲ್ಲವನ್ನು ಪ್ರಭಾವಿಸುವುದರಿಂದ ಕೋಷ್ಟಕದಲ್ಲಿ ಸುಮಾರು 1.44 ಕೋಟಿ ಸಂಖ್ಯೆಗಳು! ಆವರ್ತನವನ್ನು ಇಮ್ಮಡಿಸಿದರೆ ಅಂಚುಗಳು 4 ಮಡಿ, ಕೋಷ್ಟಕ 16 ಮಡಿ, ಅದನ್ನು ನೇರವಾಗಿ ಬಿಡಿಸುವ ಶ್ರಮ 64 ಮಡಿ ಆಗುತ್ತವೆ.

ದೂರದ ಜಾತ್ರೆಯ ಸದ್ದು ಒಂದೇ ಗದ್ದಲವಾಗಿ ಕೇಳಿಸುತ್ತದೆ. ಪಕ್ಕದವರ ಮಾತು ಬಿಡಿಬಿಡಿಯಾಗಿ ಕೇಳಿಸುತ್ತದೆ. ಗ್ರೀನ್‌ಗಾರ್ಡ್ ಮತ್ತು ರಾಕ್ಲಿನ್ 1987ರಲ್ಲಿ ಪ್ರಕಟಿಸಿದ ವೇಗದ ಬಹುಧ್ರುವ ವಿಧಾನದ ತತ್ತ್ವವೂ ಇಂಥದೇ. ದೂರದ ತುಂಡುಗಳನ್ನು ಗುಂಪುಗೂಡಿಸಿ ಎಣಿಸುವುದರಿಂದ ಶ್ರಮವು ಬಹಳ ಇಳಿಯುತ್ತದೆ. ಅಲೆಗಳ ಚದರಿಕೆಗೂ ಇದನ್ನು ಅಳವಡಿಸಿದ್ದಾರೆ.

ತ್ರಿಕೋನಗಳು ಒರಟಾಗಿದ್ದರೂ ಗಣಕಯಂತ್ರವು ಉತ್ತರವನ್ನು ಕೊಟ್ಟೇ ಕೊಡುತ್ತದೆ. ಅದು ಸರಿಯೆಂದು ನಂಬುವುದು ಹೇಗೆ? ಮೊದಲು ಗೋಳವೊಂದನ್ನು ತ್ರಿಕೋನಗಳಾಗಿ ವಿಭಾಗಿಸಿ, ಬಂದ ಫಲವನ್ನು ಮೀಯ ಉತ್ತರದೊಡನೆ ಹೋಲಿಸಬೇಕು. ಅಲ್ಲಿ ಸೋತ ಲೆಕ್ಕವನ್ನು ಗೋಪುರದ ವಿಷಯದಲ್ಲಿ ನಂಬಲಾಗದು.