ಸೊಲ್ಲಾಪುರದಿಂದ ಕಾಲ್ಚೆಂಡಿನ ಯಾತ್ರೆ

ಸ್ವಾಮಿ ಸಮರ್ಥರ ದರ್ಶನಾರ್ಥವಾಗಿ ಬರುವ ಪರಸ್ಥಳದವರನ್ನು ನಿತ್ಯವೂ ಕಾಣುವ ಅಕ್ಕಲಕೋಟೆಯಲ್ಲಿ, ಯಾತ್ರಿಕನಿಗೆ ಬುತ್ತಿ, ವಸತಿ, ಮರಳುವ ಗಾಡಿ ಇವು ಮೂರೂ ಹೊರಡುವ ಮುನ್ನವೇ ನಿಶ್ಚಯವಾಗಿರಬೇಕೆಂಬುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾದುದಿಲ್ಲ. ಆದರೆ ಆ ಊರಿನ ತರುಣನೊಬ್ಬನು, ಟಿವಿಯ ಪರದೆಯ ಮೇಲೆ ನೋಡಿ ತಣಿಯದೆ, ವೃತ್ತಿಪರ ಕಾಲ್ಚೆಂಡಾಟವನ್ನು ಮೈದಾನದಲ್ಲಿಯೇ ಕುಳಿತು ನೋಡಬೇಕೆಂದು ಬಯಸಿದನಾದರೆ, ಆಗ ಅವನೇ ಯಾತ್ರಿಕನಾಗಬೇಕಾಗುತ್ತದೆ. ಇಂಡಿಯನ್ ಸೂಪರ್ ಲೀಗಿನೊಡನೆ 2014ರಲ್ಲಿ ಹುಟ್ಟಿ ಸೊಲ್ಲಾಪುರಕ್ಕೆ ಎಲ್ಲಕ್ಕಿಂತ ಸಮೀಪದ್ದೆನಿಸಿದ್ದ ಪುಣೆಯ ತಂಡವು 2019ರಲ್ಲಿ ಮುಚ್ಚಿಹೋದ ಬಳಿಕ, ಪಶ್ಚಿಮಕ್ಕೆ ಮುಂಬಯಿಯಂಥ ಇಲ್ಲವೆ ದಕ್ಷಿಣಕ್ಕೆ ಬೆಂಗಳೂರಿನಂಥ ದೂರದ ಊರನ್ನು ಅವನು ಆಶ್ರಯಿಸಬೇಕು. ಮನೆಮಾತು ಕನ್ನಡವಾಗಿ, ಮನಸ್ಸು ಬೆಂಗಳೂರಿನ ನೀಲಿ ಅಂಗಿಯವರ ಕಡೆಗೆ ವಾಲಿದವನಿಗೆ, ಆ ತಂಡವು ಮುಂಬಯಿಗೆ ಆಡಲು ಬರುವ ದಿನವೇ ಪ್ರಶಸ್ತವಾದ ಮುಹೂರ್ತ.

ಸೊಲ್ಲಾಪುರದಿಂದ ಮುಂಬಯಿಗೆ ರೈಲುಹಾದಿ ಸುಮಾರು 455 ಕಿಲೋಮೀಟರು. ಈ ಊರು ಸೊನ್ನಲಿಗೆಯೆನಿಸಿದ್ದ ಹನ್ನೆರಡನೆಯ ಶತಮಾನದಲ್ಲಿ ಕೆರೆಯನ್ನು ಕಟ್ಟಿಸಿ, ಕನ್ನಡದಲ್ಲಿ ವಚನಗಳನ್ನು ರಚಿಸಿದ ಸಿದ್ಧರಾಮನ ಹೆಸರನ್ನು ಹೊತ್ತ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸು ರಾತ್ರಿ ಇಲ್ಲಿಂದ ಹೊರಟು ಬೆಳಗಿನ ಹೊತ್ತಿಗೆ ಮುಂಬಯಿಯನ್ನು ಸೇರುತ್ತದೆ. 2023ರ ಫೆಬ್ರುವರಿಯಲ್ಲಿ ಆರಂಭವಾದ ವಂದೇ ಭಾರತ್ ಗಾಡಿಯಾದರೋ ಬೆಳಗ್ಗೆ ಹೊರಟು ಮಧ್ಯಾಹ್ನಕ್ಕೆ ಮುಟ್ಟಿಸುತ್ತದೆ. ಅಕ್ಕಲಕೋಟೆಯವರು ಸೊಲ್ಲಾಪುರದವರೆಗಿನ ಸುಮಾರು ನಲವತ್ತು ಕಿಲೋಮೀಟರನ್ನು ಎಸ್‌ಟಿ ಬಸ್ಸಿನಲ್ಲಿ ಮೊದಲೇ ಕ್ರಮಿಸಿರಬೇಕು. ಮುಂಬಯಿ ತಂಡದ ಮೈದಾನವಿರುವುದು ಅಂಧೇರಿಯ ಕ್ರೀಡಾಸಂಕುಲದಲ್ಲಿ. ದಾದರಿನಲ್ಲಿಳಿದು ಪಶ್ಚಿಮ ರೈಲ್ವೆಯ ಲೋಕಲ್ ಹಿಡಿದು ಅಂಧೇರಿಗೆ ಬಂದು, ಅಲ್ಲಿಂದ ಮೆಟ್ರೋದಲ್ಲಿ ಒಂದೇ ನಿಲ್ದಾಣ ಮುಂದೆ ಹೋಗಿ ಆಝಾದ್ ನಗರದಲ್ಲಿಳಿದರೆ, ಉಳಿದುದು ಕಾಲ್ನಡಿಗೆಯ ದಾರಿ.

ಗಾಡಿಯ ಮುಂಗಡ ಕಾಯ್ದಿರಿಸುವಿಕೆ ಪ್ರಯಾಣಕ್ಕೆ 60 ದಿನ ಮೊದಲು ತೆರೆಯುತ್ತದೆ. ಪಂದ್ಯದ ದಿನಾಂಕವು ಒಮ್ಮೊಮ್ಮೆ ಬದಲಾಗುವುದರಿಂದ ಅದು ಸ್ಥಿರವಾಯಿತೆಂದು ತಿಳಿದುಕೊಂಡೇ ಮುಂದುವರಿಯುವುದು ಲೇಸು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ದಿನಗಳಾದರೆ ಮತ್ತಷ್ಟು ಮುಂದಾಲೋಚನೆ ಬೇಕು. ಕಡಕ್ ರೊಟ್ಟಿ, ಶೇಂಗಾ ಚಟ್ನಿಗಳ ಬುತ್ತಿಯೂ ಸೊಲ್ಲಾಪುರದ ಚಾದರವೂ ಗಾಡಿಯಲ್ಲಿ ಪರಮೋಪಕಾರಿಗಳೇ. ಆದರೆ ಮೈದಾನದ ದ್ವಾರಗಳಲ್ಲಿ ಚೀಲ, ಬಾಟಲಿ, ತಿಂಡಿಗಳನ್ನು ಸಾಮಾನ್ಯವಾಗಿ ಒಳಗೆ ಬಿಡರಾದುದರಿಂದ, ಅವನ್ನೆಲ್ಲ ವಸತಿಯಲ್ಲಿಯೇ ಇರಿಸಿ ಹೋಗತಕ್ಕದ್ದು. ಹೊರಗಿನ ತಂಡದ ಬೆಂಬಲಿಗರಿಗೆ ಬೇರೆ ಭಾಗ ಮೀಸಲಿದ್ದಲ್ಲಿ ಆ ಭಾಗದ ಚೀಟಿಯನ್ನೇ ಕೊಳ್ಳುವುದು ವಿವೇಕ.

ಇನ್ನು ಹಿಂದಿರುಗುವ ವಿಚಾರ. ಯೋಜನೆಯ ಮರ್ಮವಿರುವುದು ಇಲ್ಲಿಯೇ. ತೊಂಬತ್ತು ನಿಮಿಷಗಳ ಆಟ, ಹದಿನೈದು ನಿಮಿಷಗಳ ವಿರಾಮ, ಏಳೂವರೆಗೆ ಆರಂಭವಾದುದು ಒಂಬತ್ತೂವರೆಯೊಳಗೆ ಮುಗಿದೀತು, ರಾತ್ರಿ ಹತ್ತೂವರೆಯ ಬಳಿಕ ಹೊರಡುವ ಸಿದ್ಧೇಶ್ವರವನ್ನೇ ಹಿಡಿದು ಬಂದರೆ ಲಾಡ್ಜಿನ ಬಾಡಿಗೆಯೂ ಉಳಿದೀತು ಎಂಬ ಲೆಕ್ಕವು ಕಾಗದದ ಮೇಲೆ ಚೆನ್ನಾಗಿಯೇ ತೋರುತ್ತದೆ. ಆದರೆ ನಿರ್ಣಾಯಕ ಪಂದ್ಯಗಳಲ್ಲಿ ಸಮಬಲವಾದರೆ ಮೂವತ್ತು ನಿಮಿಷಗಳ ಹೆಚ್ಚುವರಿ ಆಟವುಂಟು, ಅದರ ಮೇಲೆ ಪೆನಾಲ್ಟಿಗಳೂ ಉಂಟು. 2019ರ ಮಾರ್ಚ್ 17ರಂದು ಇದೇ ಅಂಧೇರಿಯ ಮೈದಾನದಲ್ಲಿ ಬೆಂಗಳೂರು, ಗೋವಾ ತಂಡಗಳ ಅಂತಿಮ ಪಂದ್ಯವು ತೊಂಬತ್ತು ನಿಮಿಷಗಳಲ್ಲಿ ಗೋಲಿಲ್ಲದೆ ಮುಗಿದು, ಹೆಚ್ಚುವರಿ ಅವಧಿಯ ಕೊನೆಯ ನಿಮಿಷಗಳಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಒಂದೇ ಗೋಲಿನಿಂದ ಬೆಂಗಳೂರು ತನ್ನ ಮೊದಲ ಸೂಪರ್ ಲೀಗ್ ಪ್ರಶಸ್ತಿಯನ್ನು ಗೆದ್ದಿತು. ಗಾಡಿಯ ಚಿಂತೆಯಿಂದ ತೊಂಬತ್ತನೆಯ ನಿಮಿಷಕ್ಕೇ ಎದ್ದುಹೋದವನಿಗೆ ಆ ಗೋಲು ಕಾಣಸಿಗುತ್ತಿರಲಿಲ್ಲ. ಆದುದರಿಂದ ಮರುದಿನದ ಗಾಡಿಗೇ ಜಾಗವನ್ನು ಕಾಯ್ದಿರಿಸಿರಿ. ಒಂದು ರಾತ್ರಿಯ ಲಾಡ್ಜಿನ ಬಾಡಿಗೆಯನ್ನು ಪಂದ್ಯದ ಚೀಟಿಯ ಬೆಲೆಯೊಡನೆಯೇ ಸೇರಿಸಿ ಎಣಿಸಿಕೊಳ್ಳಿರಿ.